ಗಾಜಿನ ತೊಟ್ಟಿಯೂ ಜೌಗಿನ ಋಣವೂ

ಕಳೆದ ವರ್ಷ ನಮ್ಮ ಶಾಲೆಯಲ್ಲಿ ನಡೆದ ವಿಜ್ಞಾನ ಪ್ರದರ್ಶನದಲ್ಲಿ, ಮೇಜಿನ ಒಂದು ಮೂಲೆಯಲ್ಲಿ, ಚಹದ ಬಣ್ಣದ ನೀರು ತುಂಬಿದ ಒಂದು ಚಿಕ್ಕ ಗಾಜಿನ ತೊಟ್ಟಿ ಇದ್ದುದು ನಮ್ಮ ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದರಲ್ಲಿದ್ದುವು ನಾವು ಮನೆಯಲ್ಲಿಯೇ ಬೆಳೆಸಿದ ನಾಲ್ಕು ಎಳೆಯ ಮೀನುಗಳು. ತೊಟ್ಟಿಗೆ ಅಂಟಿಸಿದ್ದ ಚೀಟಿಯಲ್ಲಿ 'ಬೆಟ್ಟಾ' ಎಂಬ ಹೆಸರನ್ನು ಓದಿದ ಐದನೆಯ ತರಗತಿಯ ಬಾಲಕನೊಬ್ಬನು, “ಬೆಟ್ಟದ ಮೇಲೆ ಮೀನು ಹೇಗೆ ಇರುತ್ತದೆ?” ಎಂದು ಕೇಳಿ ಸುತ್ತ ನೆರೆದವರನ್ನೆಲ್ಲ ನಗಿಸಿದನು. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದರೂ ಕನ್ನಡದ ಬೆಟ್ಟವನ್ನು ಮರೆಯದ ಆ ಹುಡುಗನ ಪ್ರಶ್ನೆ ನಮಗೆ ಬಹಳ ಮೆಚ್ಚಿಕೆಯಾಯಿತು.

ಪ್ರದರ್ಶನ ಮುಗಿದ ಮೇಲೆ ಎರಡು ಮಾತುಗಳು ನಮ್ಮ ಕಿವಿಗೆ ಬಿದ್ದುವು. ಮೇಲಿನ ತರಗತಿಯ ಕೆಲವು ವಿದ್ಯಾರ್ಥಿಗಳು ಬಂದು, “ಈ ಮೀನು ಎಲ್ಲಿ ಸಿಕ್ಕುತ್ತದೆ? ಬೆಲೆ ಎಷ್ಟು? ನಾವೂ ಸಾಕಬೇಕು” ಎಂದರು. ಅದೇ ದಿನ ಸಂಜೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, “ಎಲ್ಲಿಯೋ ಕಾಡಿನಲ್ಲಿ ಸ್ವಚ್ಛಂದವಾಗಿ ಇರಬೇಕಾದ ಬಡಪ್ರಾಣಿಯನ್ನು ಗಾಜಿನಲ್ಲಿ ಸೆರೆಯಿಟ್ಟು ಮಕ್ಕಳಿಗೆ ಕಲಿಸುವುದೇನು? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ” ಎಂದು ಬೇಸರಪಟ್ಟುಕೊಂಡರು. ಒಂದು ಮಾತು ಉತ್ಸಾಹದ್ದು, ಇನ್ನೊಂದು ಕರುಣೆಯದು. ಎರಡನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೆಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕೆಂದು ಬಯಸಿದ್ದೇವೆ.

ಮೊದಲು ಆ ಬಾಲಕನ ಪ್ರಶ್ನೆಗೆ ಉತ್ತರ. 'ಬೆಟ್ಟಾ' ಎಂಬುದು ಕನ್ನಡದ ಬೆಟ್ಟವಲ್ಲ. ಜಾವಾ ದ್ವೀಪದ ಜನರು ಈ ಜಾತಿಯ ಮೀನಿಗೆ ಹೇಳುತ್ತಿದ್ದ ಹೆಸರನ್ನೇ ಹಿಡಿದು ಪೀಟರ್ ಬ್ಲೀಕರ್ ಎಂಬ ಡಚ್ ವೈದ್ಯನು 1850ರಲ್ಲಿ ಈ ಕುಲಕ್ಕೆ ಆ ನಾಮಕರಣ ಮಾಡಿದನು. ಅಂಗಡಿಗಳಲ್ಲಿ 'ಫೈಟರ್' ಎಂಬ ಹೆಸರಿನಿಂದ, ಚಿಕ್ಕ ಪ್ಲಾಸ್ಟಿಕ್ ಲೋಟಗಳಲ್ಲಿ, ಉದ್ದನೆಯ ರೆಕ್ಕೆಗಳನ್ನು ಇಳಿಬಿಟ್ಟುಕೊಂಡು ಇರುವ ನೀಲಿ ಕೆಂಪು ಮೀನನ್ನು ನೀವೆಲ್ಲ ನೋಡಿದ್ದೀರಿ. ಸಯಾಮಿನ ಜನರು ತಲೆಮಾರುಗಳ ಕಾಲ ಕಾದಾಟಕ್ಕಾಗಿಯೂ ಅಂದಕ್ಕಾಗಿಯೂ ಆರಿಸಿ ಆರಿಸಿ ಬೆಳೆಸಿದ ತಳಿ ಅದು. 2019ರಲ್ಲಿ ಥಾಯ್‌ಲೆಂಡ್ ಸರ್ಕಾರವು ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಆದರೆ ಬೆಟ್ಟಾ ಎಂದರೆ ಅದೊಂದೇ ಅಲ್ಲ. ಆಗ್ನೇಯ ಏಷ್ಯದಲ್ಲಿ ಈ ಕುಲದ 70ಕ್ಕೂ ಹೆಚ್ಚು ಪ್ರಭೇದಗಳು ಉಂಟು. ಅವುಗಳಲ್ಲಿ ಹೆಚ್ಚಿನವು ಯಾರ ಕಾದಾಟಕ್ಕೂ ಯಾರ ಶೃಂಗಾರಕ್ಕೂ ಒಳಪಡದೆ ಕಾಡಿನ ನೀರಿನಲ್ಲಿ ತಮ್ಮಷ್ಟಕ್ಕೆ ತಾವು ಬಾಳುವ ಚಿಕ್ಕ ಮೀನುಗಳು. ನಾವು ಸಾಕಿದ್ದು ಅಂತಹವುಗಳಲ್ಲಿ ಒಂದಾದ ಬೆಟ್ಟಾ ಕಾಕ್ಸಿನಾ ಎಂಬುದನ್ನು. 1979ರಲ್ಲಿ ಯೋರ್ಗ್ ವೀರ್ಕೆ ಎಂಬ ಜರ್ಮನ್ ವಿದ್ವಾಂಸನು ಇದನ್ನು ವರ್ಣಿಸಿದನು. ಕಾಕ್ಸಿನಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಡುಗೆಂಪು ಎಂದು ಅರ್ಥ. ಎರಡಂಗುಲಕ್ಕೆ ಹೆಚ್ಚು ಬೆಳೆಯದ ಈ ಮೀನಿನ ಮೈ ದ್ರಾಕ್ಷಾರಸದ ಬಣ್ಣ. ಪಕ್ಕೆಯಲ್ಲಿ ಹಲವು ಮೀನುಗಳಿಗೆ ಹಸಿರು ಮಿಂಚುವ ಒಂದು ಮಚ್ಚೆ. ಬಿಸಿಲಿನಲ್ಲಿಟ್ಟರೆ ಬಣ್ಣಗೆಟ್ಟ ಹುಲ್ಲುಕಡ್ಡಿ. ನೆರಳಿನಲ್ಲಿ, ಒಣಗಿದ ಎಲೆಗಳ ನಡುವೆ, ಉರಿಯುವ ಕೆಂಡ.

ಈ ಮೀನನ್ನು ಅರಿಯಬೇಕಾದರೆ ಅದರ ಮನೆಯನ್ನು ಅರಿಯಬೇಕು. ಸುಮಾತ್ರ ದ್ವೀಪದಲ್ಲಿಯೂ ಮಲಯ ಪರ್ಯಾಯದ್ವೀಪದಲ್ಲಿಯೂ ತಗ್ಗಿನ ಕರಾವಳಿಯ ಉದ್ದಕ್ಕೆ ವಿಚಿತ್ರವಾದ ಜೌಗು ಕಾಡುಗಳಿವೆ. ಅಲ್ಲಿ ಮರದಿಂದ ಉದುರಿದ ಎಲೆ, ಕೊಂಬೆ, ಬೇರು ಎಲ್ಲವೂ ನೀರಿನಲ್ಲಿ ಮುಳುಗಿ, ಗಾಳಿಯ ಸಂಪರ್ಕವಿಲ್ಲದೆ, ಪೂರ್ತಿಯಾಗಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂಡಿಕೊಂಡಿವೆ. ಈ ಕಪ್ಪು ರಾಶಿಗೆ ಪೀಟ್ ಎಂದು ಹೆಸರು. ಕೆಲವು ಕಡೆ ಅದರ ಆಳ ಹತ್ತು ಮೀಟರನ್ನೂ ಮೀರುತ್ತದೆ. ಅದರ ಮೂಲಕ ಜಿನುಗುವ ಮಳೆಯ ನೀರು ಎಲೆಗಳ ಸತ್ವವನ್ನು ಹೀರಿ, ಹಾಲು ಹಾಕದ ಚಹದಂತೆ ಕಂದಾಗುತ್ತದೆ. ಟೊಮ್ಯಾಟೊ ಹಣ್ಣಿನ ರಸದಷ್ಟು ಆಮ್ಲವಾಗುತ್ತದೆ. ಪ್ರಯೋಗಶಾಲೆಯಲ್ಲಿ ಪಿಎಚ್ ಕಾಗದವನ್ನು ಅದ್ದಿ ನೋಡಿದವರಿಗೆ ತಿಳಿಯುವಂತೆ ಹೇಳಬೇಕಾದರೆ, ಅಲ್ಲಿನ ನೀರಿನ ಪಿಎಚ್ 4ರ ಆಸುಪಾಸು. ಸುಣ್ಣದ ಅಂಶವಂತೂ ಇಲ್ಲವೆನ್ನುವಷ್ಟು ಕಡಿಮೆ.

ಇಂತಹ ನೀರು ಜೀವಕ್ಕೆ ಒದಗದ ನೀರೆಂದು ಬಹಳ ಕಾಲ ಭಾವಿಸಲಾಗಿತ್ತು. ಆ ಭಾವನೆ ತಪ್ಪೆಂಬುದಕ್ಕೆ ಇದೇ ಜೌಗುಗಳು ಸಾಕ್ಷಿ. ಸುಮಾತ್ರದ ಜೌಗಿನಿಂದ 2006ರಲ್ಲಿ ವರ್ಣಿಸಲ್ಪಟ್ಟ ಪೀಡೋಸಿಪ್ರಿಸ್ ಎಂಬ ಮೀನಿನಲ್ಲಿ, 7.9 ಮಿಲಿಮೀಟರ್ ಉದ್ದದ ಹೆಣ್ಣು ಪೂರ್ತಿ ಬೆಳೆದ ಹೆಣ್ಣೇ ಆಗಿತ್ತು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಅತಿ ಸಣ್ಣವುಗಳ ಸಾಲಿಗೆ ಸೇರುವ ಜೀವಿಯು ಯಾರೂ ಇಣುಕಿ ನೋಡದ ಕಪ್ಪು ನೀರಿನಲ್ಲಿ ಅಡಗಿತ್ತು! ನಮ್ಮ ಬೆಟ್ಟಾ ಮೀನಾದರೂ ಆ ಬಾಳಿಗೆ ಒಗ್ಗಿಕೊಂಡಿರುವ ರೀತಿ ಸಾಮಾನ್ಯವಲ್ಲ. ನಿಂತ ನೀರಿನಲ್ಲಿ ಪ್ರಾಣವಾಯು ಕಡಿಮೆ. ಆದುದರಿಂದ ಕಿವಿರುಗಳ ಮೇಲ್ಗಡೆ, ಮಡಿಕೆ ಮಡಿಕೆಯಾದ ಒಂದು ಅಂಗವು ಈ ಮೀನಿಗೆ ಒದಗಿದೆ; ರಕ್ತನಾಳಗಳಿಂದ ತುಂಬಿದ ಆ ಅಂಗದ ಸಹಾಯದಿಂದ ಅದು ಆಗಾಗ ಮೇಲೆ ಬಂದು ನಮ್ಮಂತೆಯೇ ಗಾಳಿಯನ್ನು ಸೇವಿಸುತ್ತದೆ.

ಇನ್ನು ನಾವು ಸಾಕಿದ ಕಥೆ. ಅದನ್ನು ಹೇಳುವಾಗ ನಮ್ಮ ತಪ್ಪನ್ನೇ ಮೊದಲು ಹೇಳುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ನಾವು ಒಂದು ಜೋಡಿಯನ್ನು ತಂದು, ನಾಲ್ಕು ಕೊಡ ನೀರು ಹಿಡಿಯುವ ತೊಟ್ಟಿಯಲ್ಲಿ ಬಿಟ್ಟಿದ್ದೆವು. ಎರಡು ಕೋಣೆಗಳ ನಮ್ಮ ಮನೆಯಲ್ಲಿ ಅದಕ್ಕೊಂದು ಮೂಲೆ ಸಿಕ್ಕಿತ್ತು. ಮಳೆಯ ನೀರು, ಒಣಗಿದ ಬಾದಾಮಿ ಎಲೆ, ಮೇಲೆ ತೇಲುವ ಗಿಡ, ಎಲ್ಲವನ್ನೂ ಒದಗಿಸಿದ್ದೆವು. ಮೂರು ತಿಂಗಳು ಮೀನುಗಳು ಸುಖವಾಗಿದ್ದುವು. ದೀಪಾವಳಿ ಬಂದಿತು. ಮನೆಯನ್ನೆಲ್ಲ ತೊಳೆದು ಬೆಳಗುವ ಭರದಲ್ಲಿ ಆ ಕಂದು ಬಣ್ಣದ ನೀರು ನಮ್ಮ ಕಣ್ಣಿಗೆ ಕೊಳಕಾಗಿ ಕಂಡಿತು. ಮನೆಗೆ ಬರುವ ನೆಂಟರು ಏನೆಂದುಕೊಂಡಾರು ಎಂಬ ಸಂಕೋಚವೂ ಸೇರಿತು. ನಲ್ಲಿಯ ನೀರನ್ನು ಹಿಂದಿನ ದಿನವೇ ಹಿಡಿದಿಟ್ಟು, ಕ್ಲೋರಿನ್ ವಾಸನೆ ಹೋಗುವಂತೆ ಕಾದು, ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ನೀರನ್ನು ಬದಲಾಯಿಸಿದೆವು. ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ನರಕ ಚತುರ್ದಶಿಯ ಬೆಳಗ್ಗೆ, ಅಭ್ಯಂಜನದ ನೀರು ಕಾಯುತ್ತಿರುವ ಹೊತ್ತಿನಲ್ಲಿ, ಎರಡು ಮೀನುಗಳೂ ತೊಟ್ಟಿಯ ತಳದಲ್ಲಿ ಸತ್ತು ಬಿದ್ದಿದ್ದುವು.

ಕಾರಣವನ್ನು ಅರಿಯಲು ನಮಗೆ ಬಹಳ ದಿನ ಹಿಡಿಯಿತು. ಮೀನಿನ ಮಲಮೂತ್ರಗಳಿಂದ ಅಮೋನಿಯಾ ಹುಟ್ಟುತ್ತದೆ. ಸಾಮಾನ್ಯವಾದ ತೊಟ್ಟಿಗಳಲ್ಲಿ ಕೆಲವು ಬಗೆಯ ಸೂಕ್ಷ್ಮಜೀವಿಗಳು ಅದನ್ನು ತಿಂದು ನಿರಪಾಯಗೊಳಿಸುತ್ತವೆ. ಬಹಳ ಆಮ್ಲವಾದ ನೀರಿನಲ್ಲಿ ಆ ಜೀವಿಗಳ ಕೆಲಸ ಕುಂಟುತ್ತದೆ. ಆದರೂ ಮೀನಿಗೆ ಕೇಡಿಲ್ಲ, ಏಕೆಂದರೆ ಆಮ್ಲದ ನೀರಿನಲ್ಲಿ ಅಮೋನಿಯಾವು ಅಮೋನಿಯಂ ಎಂಬ, ಅಷ್ಟೊಂದು ವಿಷವಲ್ಲದ ರೂಪದಲ್ಲಿ ಇರುತ್ತದೆ. ನಾವು ಹೊಸ ನೀರನ್ನು ಸುರಿದಾಗ ತೊಟ್ಟಿಯ ಆಮ್ಲತೆ ಒಮ್ಮೆಗೇ ಇಳಿಯಿತು. ಮೂರು ತಿಂಗಳಿಂದ ಕೂಡಿಕೊಂಡಿದ್ದ ಅಮೋನಿಯಂ ರಾತ್ರಿ ಬೆಳಗಾಗುವುದರೊಳಗೆ ವಿಷವಾಗಿ ಮಾರ್ಪಟ್ಟಿತು. ನಾವು ಕೊಳೆಯೆಂದು ತೆಗೆದುಹಾಕಿದ್ದೇ ಅವುಗಳ ರಕ್ಷೆಯಾಗಿತ್ತು. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವುದೆಲ್ಲ ಇನ್ನೊಂದು ಜೀವಕ್ಕೆ ಹಿತವಾಗಿರಬೇಕೆಂದಿಲ್ಲ ಎಂಬ ಪಾಠವನ್ನು ಆ ಹಬ್ಬದ ದಿನ ನಾವು ಎರಡು ಜೀವಗಳ ಬೆಲೆ ತೆತ್ತು ಕಲಿತೆವು. ಈ ಬೆಲೆಯನ್ನು ನೀವು ಮತ್ತೊಮ್ಮೆ ತೆರುವುದು ಬೇಡ ಎಂಬುದೇ ಈ ಲೇಖನದ ಮೊದಲ ಉದ್ದೇಶ.

ಹಾಗಾದರೆ ಸಾಕುವ ಕ್ರಮವೇನು? ಒಂದು ಜೋಡಿಗೆ 40 ಲೀಟರ್ ನೀರು ಹಿಡಿಯುವ ತೊಟ್ಟಿಯಾದರೆ ಒಳ್ಳೆಯದು. ಗುಂಡು ಬೋಗುಣಿ, ಉಪ್ಪಿನಕಾಯಿಯ ಜಾಡಿ, ಲೋಟ, ಇವು ಸರ್ವಥಾ ಸಲ್ಲವು. ಮೇಲೆ ಸಂದಿಯಿಲ್ಲದ ಮುಚ್ಚಳ ಇರಲೇಬೇಕು. ಈ ಮೀನುಗಳು ಹಾರುವುದರಲ್ಲಿ ನಿಪುಣ. ಬೆರಳು ತೂರುವಷ್ಟು ಸಂದಿಯಿದ್ದರೂ ಮರುದಿನ ನೆಲದ ಮೇಲೆ ಒಣಗಿದ ಮೀನನ್ನು ಕಾಣಬೇಕಾದೀತು. ಮುಚ್ಚಳದಿಂದ ಇನ್ನೊಂದು ಲಾಭವೂ ಉಂಟು: ನೀರಿನ ಮೇಲಿನ ಗಾಳಿ ಬೆಚ್ಚಗೆ ತೇವವಾಗಿ ಇರುತ್ತದೆ, ಗಾಳಿಯನ್ನೇ ಸೇವಿಸುವ ಮೀನಿಗೆ ಅದು ಹಿತ. ನೀರಿಗೆ ನಮ್ಮ ಮಳೆಗಾಲವೇ ದಾನಿ. ಮೊದಲ ಕೆಲವು ಮಳೆಗಳು ಸೂರನ್ನೂ ಗಾಳಿಯನ್ನೂ ತೊಳೆದು ಹೋಗಲಿ. ಅನಂತರದ ನೀರನ್ನು ಹಿಡಿದು, ಸೊಳ್ಳೆ ಹೋಗದಂತೆ ಬಿಗಿಯಾಗಿ ಮುಚ್ಚಿ ಶೇಖರಿಸಬಹುದು. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನು, ಅದೇ ಬಗೆಯ ನೀರಿನಿಂದ, ನಿಧಾನವಾಗಿ ಬದಲಾಯಿಸಬೇಕು. ನಮ್ಮ ಮೊದಲ ಜೋಡಿಗೆ ನಾವು ಮಾಡದೆ ಬಿಟ್ಟ ಕೆಲಸ ಇದೇ.

ನೀರಿನ ಬಣ್ಣಕ್ಕೂ ಆಮ್ಲತೆಗೂ ನಾವು ಸುಮಾತ್ರಕ್ಕೆ ಹೋಗಬೇಕಾಗಿಲ್ಲ. ನಮ್ಮ ಶಾಲೆಯ ಅಂಗಳದಲ್ಲಿಯೇ ಇರುವ, ಛತ್ರಿಯಂತೆ ಕೊಂಬೆ ಚಾಚಿದ ಕಾಡುಬಾದಾಮಿ ಮರವನ್ನು ನೀವು ನೋಡಿಯೇ ಇದ್ದೀರಿ. ಚಳಿಗಾಲದಲ್ಲಿ ಅದರ ಎಲೆಗಳು ಕೆಂಪಾಗಿ ಉದುರುತ್ತವೆ. ಜಾಡಮಾಲಿಯು ಅದನ್ನು ಗುಡಿಸಿ ಒಟ್ಟುತ್ತಾನೆ. ಆ ಒಣಗಿದ ಎಲೆಯನ್ನೇ ಮೀನು ಸಾಕುವವರು ಅಂಗಡಿಗಳಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆಂದರೆ ನೀವು ನಂಬುವಿರಾ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಯೂ ನಿಜವಾಗಿದೆ. ನಾಲ್ಕಾರು ಎಲೆಗಳನ್ನು ತೊಳೆದು ಹಾಕಿದರೆ ನೀರಿಗೆ ಚಹದ ಬಣ್ಣ ಬರುತ್ತದೆ, ಬೂಸಲು ಹತ್ತುವುದು ಕಡಿಮೆಯಾಗುತ್ತದೆ, ಮೀನಿಗೆ ಅಡಗಲು ತಾವು ಸಿಕ್ಕುತ್ತದೆ. ನಗರಕ್ಕೆ ತಕ್ಕಂತೆ ಎಚ್ಚರಿಕೆಯೂ ಬೇರೆ. ಈ ಮೀನಿಗೆ 23ರಿಂದ 26 ಡಿಗ್ರಿಯ ಉಷ್ಣತೆ ಹಿತ. ಮುಂಬಯಿ, ಚೆನ್ನೈಗಳ ಬೇಸಗೆಯಲ್ಲಿ ತೊಟ್ಟಿಯನ್ನು ಬಿಸಿಲಿನಿಂದಲೂ ಒಲೆಯಿಂದಲೂ ದೂರವಿಡಬೇಕು. ದೆಹಲಿಯ ಚಳಿಗಾಲದಲ್ಲಿ ನೀರನ್ನು ಬೆಚ್ಚಗಿಡುವ ಉಪಕರಣವಿಲ್ಲದೆ ಸಾಗದು. ಕೊಳವೆಬಾವಿಯ ಗಡಸು ನೀರು ಇರುವ ಕಡೆ ಮಳೆಯ ನೀರಿನ ವಿನಾ ಗತಿಯಿಲ್ಲ.

ಆಹಾರದ ಮಾತು ಒಂದಿಷ್ಟು. ಪೊಟ್ಟಣದ ಒಣಹಿಟ್ಟನ್ನು ಈ ಕಾಡುಮೀನು ಸುಲಭವಾಗಿ ಮುಟ್ಟುವುದಿಲ್ಲ. ನೀರುಚಿಗಟದಂತಹ ಸಣ್ಣ ಜೀವಿಗಳೇ ಅದರ ಊಟ. ಸೊಳ್ಳೆಯ ಮರಿಗಳೂ ಅದಕ್ಕೆ ಇಷ್ಟವೆಂಬುದು ನಿಜ. ಆದರೆ ಮೀನಿನ ಊಟಕ್ಕೆಂದು ಬಾಲ್ದಿಯಲ್ಲಿ ನೀರು ನಿಲ್ಲಿಸಿ ಸೊಳ್ಳೆ ಬೆಳೆಸಿ, ನೆರೆಹೊರೆಯವರಿಗೆ ಡೆಂಗೆ ಜ್ವರವನ್ನು ಹಂಚುವವನು ಮೀನುಪ್ರಿಯನಾಗಿರಬಹುದು, ನಾಗರಿಕನಲ್ಲ.

ಎರಡನೆಯ ಬಾರಿ ನಾವು ಕಾಡಿನಿಂದ ಹಿಡಿದ ಮೀನನ್ನು ತರಲಿಲ್ಲ. ಇದೇ ನಗರದಲ್ಲಿ ಹವ್ಯಾಸಿಯೊಬ್ಬರು ತಮ್ಮ ಮನೆಯಲ್ಲಿಯೇ ಬೆಳೆಸಿದ ಜೋಡಿಯನ್ನು ತಂದೆವು. ಆರು ವಾರಗಳ ಮೇಲೆ ಒಂದು ಬೆಳಗ್ಗೆ, ತೇಲುತ್ತಿದ್ದ ಎಲೆಯ ಅಡಿಯಲ್ಲಿ ಸಾಬೂನಿನ ನೊರೆಯಂತೆ ಗುಳ್ಳೆಗಳು ಕಂಡುಬಂದುವು. ಗಂಡುಮೀನು ಮೇಲೆ ಬಂದು ಗಾಳಿಯನ್ನು ನುಂಗಿ, ಬಾಯಿಯ ಲೋಳೆಯಿಂದ ಅದನ್ನು ಸುತ್ತಿ, ಒಂದೊಂದೇ ಗುಳ್ಳೆಯಾಗಿ ಎಲೆಯಡಿಗೆ ಜೋಡಿಸುತ್ತಿತ್ತು. ಇದೇ ಅದರ ಗೂಡು. ಗಂಡು ಹೆಣ್ಣನ್ನು ಮೈಯಿಂದ ಬಳಸಿ ಹಿಡಿಯುತ್ತದೆ. ಹೆಣ್ಣು ಬಿಟ್ಟ ಬಿಳಿಯ ಮೊಟ್ಟೆಗಳು ಕೆಳಗೆ ಬೀಳುತ್ತಿರುವಂತೆಯೇ ಅವನ್ನು ಬಾಯಲ್ಲಿ ಎತ್ತಿ ಗುಳ್ಳೆಗಳ ನಡುವೆ ಇಡುತ್ತದೆ. ತಳದ ನೀರಿನಲ್ಲಿ ಪ್ರಾಣವಾಯು ಸಾಲದೆ ಸಾಯಬಹುದಾದ ಮೊಟ್ಟೆಗಳಿಗೆ ನೀರಿನ ಮೇಲ್ಮೈಯೇ ತೊಟ್ಟಿಲು. ಅಲ್ಲಿಂದ ಮುಂದೆ ಗಂಡೇ ತಾಯಿ. ಅದು ಊಟವನ್ನೂ ಮರೆತು ಗೂಡಿನ ಕೆಳಗೆ ನಿಂತಿತು. ಒಡೆದ ಗುಳ್ಳೆಯ ಜಾಗಕ್ಕೆ ಹೊಸ ಗುಳ್ಳೆಯಿಟ್ಟಿತು. ಜಾರಿದ ಮೊಟ್ಟೆಯನ್ನು ಮತ್ತೆ ಮೇಲಕ್ಕೆ ಒಯ್ದಿತು. ಸುಮಾರು ಎರಡು ದಿನಗಳಲ್ಲಿ ಮೊಟ್ಟೆಯೊಡೆದು, ಕಣ್ಣರೆಪ್ಪೆಯ ಕೂದಲಿನಂತಹ ಮರಿಗಳು ಬಾಲ ಕೆಳಗಾಗಿ ತೂಗಾಡಿದುವು. ಮತ್ತೆ ಮೂರು ದಿನಗಳಲ್ಲಿ ಅಡ್ಡಲಾಗಿ ಈಜತೊಡಗಿದುವು.

ಇದೇ ಕುಲದಲ್ಲಿ ಗೂಡು ಕಟ್ಟದ ಪ್ರಭೇದಗಳೂ ಉಂಟು. ಬೋರ್ನಿಯೋದ ಹರಿಯುವ ತೊರೆಗಳಲ್ಲಿರುವ ಬೆಟ್ಟಾ ಆಲ್ಬಿಮಾರ್ಜಿನೇಟಾದ ಗಂಡು, ಮೊಟ್ಟೆಗಳನ್ನು ತನ್ನ ಬಾಯಲ್ಲಿಯೇ ಇಟ್ಟುಕೊಂಡು, ಸುಮಾರು ಎರಡು ವಾರ ಉಪವಾಸವಿದ್ದು ಮರಿಮಾಡುತ್ತದೆ. 'ಕಾದಾಡುವ ಮೀನು' ಎಂಬ ಒಂದೇ ಹೆಸರಿನಿಂದ ಈ ಕುಲವನ್ನೆಲ್ಲ ಕರೆದುಬಿಟ್ಟ ನಾವು, ಇಂತಹ ತಂದೆತನಕ್ಕೆ ಯಾವ ಹೆಸರನ್ನೂ ಇಡಲಿಲ್ಲವಷ್ಟೆ!

ನಮ್ಮ ಆ ಮೊದಲ ಸಂತಾನ ಒಂದು ವಾರದಲ್ಲಿಯೇ ಅಳಿಯಿತು. ಮರಿಗಳ ಬಾಯಿ ಎಷ್ಟು ಚಿಕ್ಕದೆಂದರೆ ನಾವು ಸಿದ್ಧಪಡಿಸಿದ್ದ ಆಹಾರ ಅವುಗಳ ಪಾಲಿಗೆ ಬಂಡೆಯಾಗಿತ್ತು. ಮುಂದಿನ ಸಲ ಮೊದಲೇ ಎಚ್ಚೆತ್ತು, ಒಂದು ಶೀಸೆಯಲ್ಲಿ ತೊಟ್ಟಿಯ ಹಳೆಯ ನೀರನ್ನೂ ಬಾಳೆಹಣ್ಣಿನ ಸಿಪ್ಪೆಯ ಚೂರನ್ನೂ ಹಾಕಿ ಇಟ್ಟೆವು. ಕೆಲವು ದಿನಗಳಲ್ಲಿ ಅದು ಸೂಕ್ಷ್ಮಜೀವಿಗಳಿಂದ ಮಂಜು ಮಂಜಾಯಿತು. ಪಠ್ಯಪುಸ್ತಕದಲ್ಲಿ ಚಪ್ಪಲಿಯ ಆಕಾರದಲ್ಲಿ ಚಿತ್ರಿಸಿರುವ ಪ್ಯಾರಮೀಸಿಯಂ ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆಯಷ್ಟೇ ಅಲ್ಲ, ಒಂದು ಜೀವದ ಮೊದಲ ತುತ್ತು ಎಂಬುದು ನಮಗೆ ಆಗ ಮನವರಿಕೆಯಾಯಿತು. ಆ ಸಲ ಸುಮಾರು 30 ಮರಿಗಳಲ್ಲಿ 11 ಉಳಿದುವು. ನೀವು ಪ್ರದರ್ಶನದಲ್ಲಿ ಕಂಡ ನಾಲ್ಕು ಅವುಗಳಲ್ಲಿಯವೇ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಇಲ್ಲಿ ಸಾಕುವವನು ತಾಳಿದರೆ ಮಾತ್ರ ಸಾಕಿಸಿಕೊಂಡದ್ದು ಬಾಳೀತು.

ಇಷ್ಟಾದ ಮೇಲೆ ನಮ್ಮ ಸಹೋದ್ಯೋಗಿಯ ಆಕ್ಷೇಪಕ್ಕೆ ಬರೋಣ. ಸೆರೆ ಸೆರೆಯೇ, ಅದನ್ನು ಅಲ್ಲವೆನ್ನುವುದು ಪ್ರಾಮಾಣಿಕತೆಯಲ್ಲ. ಲೋಟದಲ್ಲಿ ಮೀನಿಟ್ಟು ಮಾರುವುದನ್ನೂ, ಎರಡು ಗಂಡುಗಳನ್ನು ಎದುರುಬದುರಾಗಿಸಿ ಕಾದಾಡಿಸಿ ನೋಡುವುದನ್ನೂ ನಾವು ಅವರಷ್ಟೇ ಖಂಡಿಸುತ್ತೇವೆ. ಕಾಡಿನಿಂದ ಹಿಡಿದು ತಂದ ಮೀನನ್ನು ಕೊಳ್ಳುವುದೂ ಸರಿಯಲ್ಲವೆಂದು ಈಗ ನಮಗೆ ಅನ್ನಿಸುತ್ತದೆ. ಆದರೆ ತೊಟ್ಟಿಯಲ್ಲಿಯೇ ಹುಟ್ಟಿದ ಮೀನನ್ನು ತಕ್ಕ ನೀರು, ನೆರಳು, ಆಹಾರಗಳೊಡನೆ ಸಾಕುವುದು ಕ್ರೌರ್ಯವೆಂದು ನಾವು ಒಪ್ಪೆವು. ಅಷ್ಟು ಹೊಣೆ ಹೊರಲಾರದವನು ಸಾಕದಿರುವುದೇ ದಯೆ.

ಇದಕ್ಕಿಂತ ಅಪಾಯಕರವಾದ ಮಾತು ಇನ್ನೊಂದು ಕಡೆಯಿಂದ, ಮೀನುಪ್ರಿಯರ ಕಡೆಯಿಂದಲೇ, ಕೇಳಿಬರುತ್ತದೆ: “ಕಾಡು ಹೋದರೆ ಹೋಗಲಿ, ಮೀನು ನಮ್ಮ ತೊಟ್ಟಿಗಳಲ್ಲಿ ಉಳಿಯುತ್ತದೆ.” ಈ ಮಾತನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಆ ಕಾಡು ಹೇಗೆ ಹೋಗುತ್ತಿದೆ ಎಂಬುದನ್ನು ತಿಳಿದರೆ ನಮ್ಮ ಆತಂಕ ನಿಮಗೂ ಅರ್ಥವಾದೀತು. ಇಂಡೊನೇಷ್ಯದ ಮಧ್ಯ ಕಾಲಿಮಂತಾನಿನಲ್ಲಿ, ಎಂದರೆ ಬೋರ್ನಿಯೋ ದ್ವೀಪದಲ್ಲಿ, ಸುಮಾರು 10 ಲಕ್ಷ ಹೆಕ್ಟೇರ್ ಜೌಗು ಪ್ರದೇಶವನ್ನು ಬತ್ತದ ಗದ್ದೆ ಮಾಡುವೆವೆಂದು 1996ರಲ್ಲಿ ಕೆಲಸ ಆರಂಭಿಸಿದರು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿ ನೀರನ್ನು ಹರಿಯಬಿಟ್ಟರು. ಆಮ್ಲದ ನೆಲದಲ್ಲಿ ಬತ್ತ ಬೆಳೆಯಲಿಲ್ಲ. ಒಣಗಿದ ಪೀಟ್‌ಗೆ 1997ರಲ್ಲಿ ಬೆಂಕಿ ಹತ್ತಿತು. ನೆಲದ ಮೇಲಿನ ಬೆಂಕಿಯನ್ನು ನಂದಿಸಬಹುದು, ನೆಲವೇ ಉರಿಯತೊಡಗಿದರೆ ನಂದಿಸುವವರು ಯಾರು? ಆ ಹೊಗೆ ಸಿಂಗಪುರ, ಮಲೇಷ್ಯಗಳನ್ನೂ ಮುಸುಕಿತು. ಯೋಜನೆಯನ್ನು 1999ರಲ್ಲಿ ಕೈಬಿಟ್ಟರು. 2015ರಲ್ಲಿ ಮತ್ತೆ ಅಂತಹ ಬೆಂಕಿಯನ್ನು ಆ ದೇಶ ಕಂಡಿತು. ಕಾಕ್ಸಿನಾದ ನೆಂಟನಾದ ಬೆಟ್ಟಾ ಮಿನಿಯೋಪಿನ್ನಾ ಬಿಂಟಾನ್ ಎಂಬ ದ್ವೀಪದ ಜೌಗಿಗೆ ಸೇರಿದ ಮೀನು. ನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ.

ಗದ್ದೆಯಾಗದ ಜೌಗು ಎಷ್ಟೋ ಕಡೆ ತಾಳೆಯ ತೋಟವಾಗಿದೆ. ಇಲ್ಲಿ ನಾವು ಬೇರೆಯವರತ್ತ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಇಂಡೊನೇಷ್ಯ, ಮಲೇಷ್ಯಗಳ ತಾಳೆ ಎಣ್ಣೆಯನ್ನು ಜಗತ್ತಿನಲ್ಲಿಯೇ ಹೆಚ್ಚಾಗಿ ತರಿಸಿಕೊಳ್ಳುವ ದೇಶ ನಮ್ಮದು. ಮಧ್ಯಾಹ್ನದ ಬಿಡುವಿನಲ್ಲಿ ನೀವು ತಿನ್ನುವ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಸಣ್ಣಕ್ಷರಗಳನ್ನು ಓದಿ ನೋಡಿರಿ. ಅನೇಕ ಪೊಟ್ಟಣಗಳಲ್ಲಿ ಅದರ ಹೆಸರು ಇರುತ್ತದೆ. ತಾಳೆ ಎಣ್ಣೆಯೆಲ್ಲ ಜೌಗನ್ನು ಕೆಡಿಸಿಯೇ ಬಂದುದೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲಿಂದ ಬಂದಿತೆಂದು ಕೇಳುವುದು ತಿನ್ನುವವನ ಕರ್ತವ್ಯ.

ತೊಟ್ಟಿಯು ಮೀನನ್ನು ಉಳಿಸೀತು, ಜೌಗನ್ನು ಉಳಿಸದು. ತಲೆಮಾರು ಕಳೆದಂತೆ ತೊಟ್ಟಿಯ ಮೀನು ತೊಟ್ಟಿಗೇ ಒಗ್ಗುತ್ತದೆ. ಪರಊರಿನಲ್ಲಿ ಕನ್ನಡ ಶಾಲೆಯನ್ನು ನಡೆಸುತ್ತಿರುವ ನಮಗೆ ಇದು ಸುಲಭವಾಗಿ ತಿಳಿಯಬೇಕಾದ ಮಾತು. ಇಲ್ಲಿ ನಾವು ನಾಲ್ಕು ಗೋಡೆಗಳ ನಡುವೆ ಎಷ್ಟೇ ಶ್ರದ್ಧೆಯಿಂದ ಭಾಷೆಯನ್ನು ಕಾಪಾಡಿಕೊಂಡರೂ, ತಾಯಿನಾಡಿನಲ್ಲಿ ಅದು ಹೊಲ ಗದ್ದೆ ಸಂತೆಗಳಲ್ಲಿ ಬದುಕಿದ್ದರೆ ತಾನೆ ನಮ್ಮ ಶ್ರಮಕ್ಕೆ ಅರ್ಥ? ಮೂಲ ಬತ್ತಿದ ಮೇಲೆ ಕೊಡದಲ್ಲಿ ಉಳಿದ ನೀರು ಎಷ್ಟು ದಿನ ಬಂದೀತು? ಹಾಗೆಂದು ಕೊಡದ ನೀರನ್ನು ಚೆಲ್ಲಬೇಕೆಂದಲ್ಲ. ಮನೆಯಲ್ಲಿ ಒಂದು ಸಂತಾನವನ್ನು ಬೆಳೆಸಿದ ಮಗುವಿಗೆ ಸುಮಾತ್ರದ ಬೆಂಕಿಯ ಸುದ್ದಿ ಪತ್ರಿಕೆಯ ಒಂದು ಸಾಲಾಗಿ ಉಳಿಯುವುದಿಲ್ಲ. ತಾನು ಬಲ್ಲವರ ಮನೆ ಸುಟ್ಟಂತೆ ಅನ್ನಿಸುತ್ತದೆ. ಸಾಕುವುದರ ನಿಜವಾದ ಫಲ ಇದೇ ಎಂಬುದು ನಮ್ಮ ಅಭಿಪ್ರಾಯ.

ಆದುದರಿಂದ ಸಾಕಬಯಸುವವರಿಗೆ ನಾವು ಕೆಲವು ಕಟ್ಟುಪಾಡುಗಳನ್ನು ಹೇಳಬಯಸುತ್ತೇವೆ. ಮನೆಗಳಲ್ಲಿ ಬೆಳೆದ ಮೀನನ್ನಷ್ಟೇ ತನ್ನಿರಿ. ಒಂದು ಪ್ರಭೇದವನ್ನು ಇನ್ನೊಂದರೊಡನೆ ಬೆರಸದಿರಿ. ಯಾವ ಪ್ರಭೇದ, ಯಾರಿಂದ ಬಂದಿತು, ಎಂದು ಹುಟ್ಟಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿರಿ. ಹೆಸರು ಕಳೆದುಕೊಂಡ ಕಾಡುಮೀನು ಊರು ಮರೆತ ಮನುಷ್ಯನಂತೆ. ಮರಿಗಳನ್ನು ಯಾರಿಗೆ ಕೊಡುವಿರೆಂದು ನಿಶ್ಚಯಿಸದೆ ಮರಿಮಾಡಿಸದಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸಾಕಿ ಬೇಸರವಾಯಿತೆಂದು ಕೆರೆಗೋ ಹಳ್ಳಕ್ಕೋ ಬಿಡದಿರಿ. ದಕ್ಷಿಣ ಅಮೆರಿಕದಿಂದ ಗಾಜಿನ ತೊಟ್ಟಿಗೆಂದು ತಂದ, ಹೀರುಬಾಯಿಯ ಒರಟು ಮೀನನ್ನು ಹೀಗೆಯೇ ಕೈಬಿಟ್ಟ ಪರಿಣಾಮವಾಗಿ ಇಂದು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಅದು ತುಂಬಿಕೊಂಡು ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಅದು ದಯೆಯಿಂದ ಮಾಡಿದ ಅಪಕಾರ.

ಇನ್ನೊಂದು ಮಾತು. ದೂರದ ಕೆಂಪು ಮೀನಿಗೆ ಮನಸೋತವರು ಹತ್ತಿರದ ನೆಂಟನನ್ನು ಮರೆಯಬಾರದು. ನಮ್ಮ ದಕ್ಷಿಣ ಭಾರತದ ಗದ್ದೆಗಳಲ್ಲಿಯೂ ಹಳ್ಳಗಳಲ್ಲಿಯೂ ಸ್ಯೂಡೋಸ್ಫ್ರೋಮೆನಸ್ ಕುಪಾನಸ್ ಎಂಬ ಚಿಕ್ಕ ಮೀನು ಇದೆ. 1831ರಲ್ಲಿಯೇ ಪಾಂಡಿಚೇರಿಯ ಹತ್ತಿರದ ಹೊಳೆಯಿಂದ ವಿದ್ವಾಂಸರಿಗೆ ಪರಿಚಯವಾದ ಇದು ಬೆಟ್ಟಾದಂತೆಯೇ ಗಾಳಿಯನ್ನು ಸೇವಿಸುತ್ತದೆ, ಎಲೆಯಡಿಯಲ್ಲಿ ಗುಳ್ಳೆಯ ಗೂಡು ಕಟ್ಟುತ್ತದೆ, ಗಂಡೇ ಮರಿಗಳನ್ನು ಕಾಯುತ್ತದೆ. ರಜೆಯಲ್ಲಿ ಊರಿಗೆ ಹೋಗುವವರು ಗದ್ದೆಯ ಬದುವಿನಲ್ಲಿ ಕುಳಿತು, ಹಿಡಿಯದೆ, ಸುಮ್ಮನೆ ಒಂದು ಗಂಟೆ ನೀರನ್ನು ನೋಡುವ ಅಭ್ಯಾಸ ಮಾಡಿಕೊಳ್ಳಲಿ. ಗಾಜಿಲ್ಲದೆ ನೋಡಲು ಕಲಿತವನೇ ಗಾಜಿನಲ್ಲಿ ಸಾಕಲು ಅರ್ಹ.

ಪ್ರಿಯ ವಿದ್ಯಾರ್ಥಿಗಳೇ, ಕೊನೆಗೆ ನಿಮ್ಮ ಪ್ರಶ್ನೆಗೆ ಉತ್ತರ. ಈ ಮೀನಿಗೆ ನಾವು ಬೆಲೆ ಕಟ್ಟುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮರಿಗಳಾದರೆ ಕೇಳಿದವರಿಗೆ ಕೊಡುತ್ತೇವೆ. ಆದರೆ ಒಂದು ನಿಯಮವುಂಟು. ಮೊದಲು ಒಂದು ತೊಟ್ಟಿಗೆ ಮಳೆಯ ನೀರು ತುಂಬಿ, ಅಂಗಳದ ಬಾದಾಮಿ ಎಲೆಗಳನ್ನು ಹಾಕಿ, ಮೀನಿಲ್ಲದೆಯೇ ಒಂದು ತಿಂಗಳು ಅದನ್ನು ನೋಡಿಕೊಳ್ಳಿರಿ. ನೀರಿನ ಉಷ್ಣತೆ, ಬಣ್ಣ, ಆಮ್ಲತೆಗಳನ್ನು ದಿನವೂ ಬರೆದಿಡಿರಿ. ಆ ಪುಸ್ತಕದಲ್ಲಿ ಒಂದು ದಿನವೂ ಬಿಟ್ಟುಹೋಗದಿದ್ದರೆ ನಮ್ಮ ಬಳಿಗೆ ಬನ್ನಿರಿ. ಬರಿಯ ನೀರನ್ನು ಮೂವತ್ತು ದಿನ ಕಾಯಬಲ್ಲವನ ಕೈಯಲ್ಲಿ ಒಂದು ಜೀವವನ್ನು ಇಡಲು ನಮಗೆ ಸಂಕೋಚವಿಲ್ಲ. ನಮ್ಮ ಹಿರಿಯ ಸಹೋದ್ಯೋಗಿಗಳಿಗೆ ಈ ನಿಯಮವನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಆ ಪುಸ್ತಕಗಳನ್ನು ಪರೀಕ್ಷಿಸುವ ಕೆಲಸ ನನಗಿರಲಿ” ಎಂದಿದ್ದಾರೆ.